ಶಿಲ್ಪಕಲೆಯೂ ಶಾಲೆಯ ಚರಿತ್ರೆಯ ಪಾಠವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಮೂರು ತಾಲ್ಲೂಕುಗಳ ಸೀಮೆಯು ತೆಂಗಿಗೆ ಹೆಸರಾದುದೆಂಬುದು ಸರ್ವವಿದಿತವಾದ ವಿಷಯ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿಯ ದರ ಏರಿತೆಂದರೆ ಇಲ್ಲಿಯ ಮನೆಮನೆಯಲ್ಲಿಯೂ ಮದುವೆಯ ಮಾತು ಏಳುವುದು; ಇಳಿಯಿತೆಂದರೆ ಮಗನ ಓದಿನ ಮಾತು ಕೂಡ ಮುಂದಿನ ವರ್ಷಕ್ಕೆ ಬೀಳುವುದು. ಆದರೆ ಇದೇ ತೋಟಗಳ ನಡುವೆ, ಕೆರೆಯ ಏರಿಗಳ ಮಗ್ಗುಲಲ್ಲಿ, ಸಾವಿರ ವರ್ಷಕ್ಕೂ ಹಿಂದಿನಿಂದ ನಿಂತಿರುವ ಇನ್ನೊಂದು ಫಸಲುಂಟು. ಅದು ಕಲ್ಲಿನ ಫಸಲು. ಅದಕ್ಕೆ ಮಾರುಕಟ್ಟೆಯಲ್ಲಿ ದರವಿಲ್ಲ. ಆದುದರಿಂದ ಅದನ್ನು ವಿಚಾರಿಸುವವರೂ ವಿರಳ.

ಈ ಸೀಮೆಯ ಶಾಲೆಯಲ್ಲಿ ಪರೀಕ್ಷೆಗೆ ಸಿದ್ಧನಾಗುವ ಬಾಲಕನು ಹೊಯ್ಸಳ ದೊರೆಗಳ ಹೆಸರುಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲನು. ಬೇಲೂರು, ಹಳೆಯಬೀಡುಗಳ ಮೇಲೆ ಹತ್ತು ವಾಕ್ಯಗಳನ್ನು ಬರೆಯಬಲ್ಲನು. ವರ್ಷಕ್ಕೊಮ್ಮೆ ಶಾಲೆಯ ಪ್ರವಾಸದ ಬಸ್ಸಿನಲ್ಲಿ ಅಲ್ಲಿಗೆ ಹೋಗಿಬರುವುದೂ ಉಂಟು. ಆದರೆ ತಾನು ದಿನವೂ ದಾಟಿ ಬರುವ ಊರ ಗುಡಿಯ ಗೋಡೆಯು ಅದೇ ಹೊಯ್ಸಳರ ಕಾಲದ್ದೆಂಬುದು ಅವನಿಗೆ ತಿಳಿಯದು. ಪುಸ್ತಕದ ಹೊಯ್ಸಳರು ಬೇರೆ, ಊರ ಗುಡಿ ಬೇರೆ ಎಂದು ಅವನ ಭಾವನೆ. ಈ ಎರಡನ್ನೂ ಅಗಲಿಸಿ ಇಟ್ಟವರು ಯಾರು? ಬಾಲಕನಂತೂ ಅಲ್ಲ.

ಈ ಅಗಲಿಕೆ ವಿಚಿತ್ರವಾದುದು. ಏಕೆಂದರೆ ಕನ್ನಡನಾಡಿನ ಚರಿತ್ರೆಯನ್ನು ಕಲ್ಲಿನಿಂದ ಎತ್ತಿ ಪುಸ್ತಕಕ್ಕೆ ತಂದವರೇ ಶಾಲೆಯ ಜನ. ೧೮೩೭ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬೆಂಜಮಿನ್ ಲೂಯಿ ರೈಸರು ಮೊದಲು ಬೆಂಗಳೂರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದವರು. ಬಳಿಕ ಮೈಸೂರು ಸಂಸ್ಥಾನದ ಶಾಲೆಗಳ ಇನ್ಸ್‌ಪೆಕ್ಟರಾದರು. ಶಾಲೆಗಳನ್ನು ತನಿಖೆ ಮಾಡುತ್ತ ಹಳ್ಳಿಯಿಂದ ಹಳ್ಳಿಗೆ ಸಂಚರಿಸುವಾಗ ಗುಡಿಯ ಮುಂದೆ, ಕೆರೆಯ ಕೋಡಿಯಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದ ಶಾಸನಗಳು ಅವರ ಕಣ್ಣಿಗೆ ಬಿದ್ದುವು. ೧೮೮೫ರಲ್ಲಿ ಮೈಸೂರಿನ ಪ್ರಾಚ್ಯವಸ್ತು ಸಂಶೋಧನೆಯ ಇಲಾಖೆ ಅವರ ಕೈಯಲ್ಲಿಯೇ ಪ್ರಾರಂಭವಾಯಿತು. 'ಎಪಿಗ್ರಾಫಿಯ ಕರ್ನಾಟಿಕ' ಎಂಬ ಸಂಪುಟಗಳಲ್ಲಿ ಅವರು ಪ್ರಕಟಿಸಿದ ಶಾಸನಗಳು ಸುಮಾರು ೯,೦೦೦. ಅವುಗಳಲ್ಲಿ ೧೨ನೆಯ ಸಂಪುಟವು ತುಮಕೂರು ಜಿಲ್ಲೆಯದು, ೧೯೦೪ರಲ್ಲಿ ಹೊರಬಂದಿತು. ೧೯೦೬ರಲ್ಲಿ ಅವರ ಸ್ಥಾನಕ್ಕೆ ಬಂದ ರಾ. ನರಸಿಂಹಾಚಾರ್ಯರು ಶಾಸನಗಳ ಜೊತೆಗೆ ಶಿಲ್ಪವನ್ನೂ ಚರಿತ್ರೆಯ ಆಧಾರವಾಗಿ ಎಣಿಸಿ, ಸೋಮನಾಥಪುರ, ಬೇಲೂರು, ದೊಡ್ಡಗದ್ದವಳ್ಳಿಗಳ ದೇವಾಲಯಗಳನ್ನು ಕುರಿತು ಬೇರೆಬೇರೆ ಗ್ರಂಥಗಳನ್ನು ಬರೆದರು. ಅನಂತರದ ಡಾಕ್ಟರ್ ಎಂ. ಎಚ್. ಕೃಷ್ಣರು ಮಹಾರಾಜಾ ಕಾಲೇಜಿನಲ್ಲಿ ಚರಿತ್ರೆಯ ಪಾಠ ಹೇಳುತ್ತಲೇ ಆ ಇಲಾಖೆಯನ್ನೂ ನಡೆಸಿದರು. ಶಾಲೆಯ ತನಿಖೆಗೆಂದು ಹೊರಟವರಿಗೆ ದೊರೆತ ಈ ದ್ರವ್ಯವು ಮರಳಿ ಶಾಲೆಗೆ ಸಲ್ಲಬೇಕಾದ ಋಣವಾಗಿದೆ.

ಈ ಋಣವನ್ನು ಸಲ್ಲಿಸುವ ಬಗೆ ಹೇಗೆ? ನಮ್ಮ ಶಾಸ್ತ್ರಕಾರರು ಜ್ಞಾನಕ್ಕೆ ಸಾಧನಗಳಾದ ಪ್ರಮಾಣಗಳನ್ನು ಎಣಿಸುವಾಗ ಪ್ರತ್ಯಕ್ಷವನ್ನು ಮೊದಲಲ್ಲಿಟ್ಟರು; ಆಮೇಲೆ ಅನುಮಾನ, ಶಬ್ದ ಮುಂತಾದುವು. ಶಾಲೆಯ ಚರಿತ್ರೆಯ ಪಾಠದಲ್ಲಿ ಇರುವುದು ಶಬ್ದವೊಂದೇ. ಪುಸ್ತಕ ಹೇಳಿತು, ಉಪಾಧ್ಯಾಯನು ಓದಿದನು, ಬಾಲಕನು ನಂಬಿದನು, ಪರೀಕ್ಷೆಯಾದ ಮರುದಿನ ಮರೆತನು. ಶಿಲ್ಪವನ್ನು ಪಾಠಕ್ಕೆ ತಂದುದಾದರೆ ಉಳಿದ ಪ್ರಮಾಣಗಳಿಗೂ ಬಾಗಿಲು ತೆರೆಯುವುದು. ಈ ಸೀಮೆಯ ಶಿಲ್ಪಗಳನ್ನೇ ಇಟ್ಟುಕೊಂಡು ಇದನ್ನು ಪರೀಕ್ಷಿಸಬಹುದು.

ಮೊದಲನೆಯದು ಪ್ರತ್ಯಕ್ಷ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯು ಕ್ರಿ. ಶ. ೯ನೆಯ ಶತಮಾನದ್ದು, ಗಂಗರೂ ನೊಳಂಬರೂ ಸಂಬಂಧ ಬೆಳೆಸಿಕೊಂಡು ಈ ಭಾಗವನ್ನು ಆಳುತ್ತಿದ್ದ ಕಾಲದ್ದು. ಅದರ ಭುವನೇಶ್ವರಿಯ ನಡುವೆ ಶಿವನು ನಾಟ್ಯವಾಡುತ್ತಿದ್ದಾನೆ. ಸುತ್ತಲೂ ಅಷ್ಟದಿಕ್ಪಾಲಕರು ತಮ್ಮ ತಮ್ಮ ವಾಹನಗಳನ್ನೇರಿದ್ದಾರೆ. ಬಾಲಕರನ್ನು ಅದರ ಕೆಳಗೆ ನಿಲ್ಲಿಸಿ, ಕತ್ತೆತ್ತಿ ನೋಡಿರೆಂದರೆ ಸಾಕು. ಆನೆಯನ್ನೇರಿದವನು ಇಂದ್ರ, ಟಗರನ್ನೇರಿದವನು ಅಗ್ನಿ, ಕೋಣನನ್ನೇರಿದವನು ಯಮ, ಮಕರವನ್ನೇರಿದವನು ವರುಣ ಎಂದು ಅವರೇ ಗುರುತು ಹಿಡಿಯುವರು. ಮನೆಯ ಅಜ್ಜಿಯ ಬಾಯಿಂದ ಕೇಳಿದ ಹೆಸರುಗಳಿಗೆ ಇಲ್ಲಿ ಮುಖ ಬರುವುದು. ಆಮೇಲೆ ಉಪಾಧ್ಯಾಯನು 'ನೊಳಂಬ' ಎಂಬ ಹೆಸರನ್ನು ಹೇಳಲಿ. ಈ ಸೀಮೆಯಲ್ಲಿ ನೊಣಬರೆಂಬ ಒಕ್ಕಲು ಜನ ಇಂದಿಗೂ ಇದ್ದಾರೆ. ನೊಳಂಬ ಎಂಬ ಶಬ್ದವೇ ಹೀಗೆ ಉಳಿದುಬಂದಿತೆಂಬುದು ಪಂಡಿತರ ಅಭಿಪ್ರಾಯ. ಸಹಪಾಠಿಯ ಮನೆತನದಲ್ಲಿಯೇ ಒಂದು ರಾಜವಂಶದ ನೆನಪು ಉಳಿದಿದೆಯೆಂದು ತಿಳಿದ ಬಾಲಕನಿಗೆ ಆ ವಂಶವನ್ನು ಕಂಠಪಾಠ ಮಾಡಿಸಬೇಕಾದ ಕಷ್ಟವಿಲ್ಲ.

ಕಲ್ಲನ್ನು ಮುಟ್ಟಿ ನೋಡುವುದೂ ಪ್ರತ್ಯಕ್ಷವೇ. ಹೊಯ್ಸಳರ ಗುಡಿಗಳ ಕಲ್ಲಿಗೆ ನಮ್ಮ ಜನ ಬಳಪದ ಕಲ್ಲೆನ್ನುವರು. ಹಿಂದೆ ಮಕ್ಕಳು ಹಲಗೆಯ ಮೇಲೆ ಅ ಆ ಇ ಈ ತಿದ್ದಿದ ಬಳಪವೂ ಇದೇ ಜಾತಿಯ ಮೆತ್ತನೆಯ ಕಲ್ಲಿನದು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಬಗ್ಗುವ ಈ ಕಲ್ಲು ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿಯಾಗುವುದು. ನೊಳಂಬರ ಕಾಲದ ದಪ್ಪ ರೂಪಗಳಿಗೂ ಹೊಯ್ಸಳರ ಕಾಲದ ಮೂರ್ತಿಗಳ ಬೆರಳಿನ ಉಂಗುರ, ಕೊರಳಿನ ಹಾರಗಳ ಎಳೆಗಳಿಗೂ ಇರುವ ಭೇದದಲ್ಲಿ ಶಿಲ್ಪಿಯ ಅಭಿರುಚಿ ಎಷ್ಟಿದೆಯೋ ಕಲ್ಲಿನ ಗುಣವೂ ಅಷ್ಟೇ ಇದೆ. ತಿರುಗಣೆಯ ಮೇಲೆ ಕಡೆದಂತಿರುವ ನವರಂಗದ ಕಂಬಗಳೂ, ತುರುವೇಕೆರೆಯ ಗಂಗಾಧರೇಶ್ವರನ ಇದಿರಿನ ನಂದಿಯ ಮೈಯ ಹೊಳಪೂ ಆ ಕಾಲದ ಕುಶಲತೆಗೆ ಸಾಕ್ಷಿ. ಅಕ್ಷರ ಕಲಿತ ಕಲ್ಲಿನಿಂದಲೇ ಗುಡಿಯನ್ನೂ ಕಟ್ಟಿದರೆಂಬ ಒಂದು ಮಾತು, ಹೊಯ್ಸಳ ಶಿಲ್ಪವನ್ನು ಹೊಗಳುವ ಹತ್ತು ವಿಶೇಷಣಗಳಿಗಿಂತ ಮಗುವಿನ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವುದು.

ಎರಡನೆಯದು ಅನುಮಾನ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಯೋಗಮಾಧವನ ಗುಡಿಯನ್ನು ೧೨೬೧ರಲ್ಲಿ ಗೋಪಾಲ ದಂಡನಾಯಕನು ಕಟ್ಟಿಸಿದನು. ತುರುವೇಕೆರೆಯು ಸೋಮಣ್ಣ ದಂಡನಾಯಕನಿಂದ ಅಗ್ರಹಾರವಾದುದೂ ಅಲ್ಲಿಯ ಚೆನ್ನಿಗರಾಯನ ಗುಡಿ, ಊರ ಮೂಲೆಯಲ್ಲಿ ನಿಂತು ಆ ಹೆಸರನ್ನೇ ಪಡೆದ ಮೂಲೆ ಶಂಕರೇಶ್ವರನ ಗುಡಿಗಳು ಎದ್ದುದೂ ಅದೇ ಸುಮಾರಿನಲ್ಲಿ. ವಿಘ್ನಸಂತೆಯ ಲಕ್ಷ್ಮೀನರಸಿಂಹನ ಗುಡಿಯನ್ನು ೧೨೮೬ರಲ್ಲಿ ಅಪ್ಪಯ್ಯ, ಗೋಪಾಲ, ಮಾಧವರೆಂಬ ಸೋದರ ದಂಡನಾಯಕರು ಕಟ್ಟಿಸಿದರು. ಇವೆಲ್ಲವೂ ಹೊಯ್ಸಳ ಮೂರನೆಯ ನರಸಿಂಹನ ಆಳಿಕೆಯಲ್ಲಿ ಆದುವು.

ಈಗ ಪಠ್ಯಪುಸ್ತಕವನ್ನು ತೆರೆದು ನೋಡಬೇಕು. ಅದರಲ್ಲಿ ವಿಷ್ಣುವರ್ಧನನಿಗೆ ಪುಟಗಳುಂಟು, ಇಮ್ಮಡಿ ಬಲ್ಲಾಳನಿಗೂ ಉಂಟು. ಮೂರನೆಯ ನರಸಿಂಹನಿಗೆ ಹೆಚ್ಚೆಂದರೆ ಒಂದು ವಾಕ್ಯ. ಅವನ ಕಾಲಕ್ಕೆ ರಾಜ್ಯವು ಎರಡು ಹೋಳಾಗಿ, ದೋರಸಮುದ್ರವು ಅವನಿಗೂ ತಮಿಳು ಸೀಮೆಯ ಕಣ್ಣಾನೂರು ಅವನ ಸೋದರ ರಾಮನಾಥನಿಗೂ ಸೇರಿತ್ತು. ಅವರಿಬ್ಬರೊಳಗೆ ಕಲಹವೂ ನಡೆಯಿತು. ೧೩೧೧ರಲ್ಲಿ ಮಲ್ಲಿಕ್ ಕಾಫೂರನ ಸೈನ್ಯ ದೋರಸಮುದ್ರದ ಬಾಗಿಲಿಗೆ ಬಂದಿತು. ಆದುದರಿಂದ ಪುಸ್ತಕದ ಲೆಕ್ಕದಲ್ಲಿ ಇದು ಇಳಿಗಾಲ. ಆದರೆ ಈ ಸೀಮೆಯ ಕಲ್ಲು ಹೇಳುವುದೇ ಬೇರೆ: ೨೫ ವರ್ಷಗಳ ಒಳಗೆ ಇಷ್ಟು ಗುಡಿಗಳು, ಹೊಸ ಅಗ್ರಹಾರ, ದತ್ತಿಬಿಟ್ಟ ಭೂಮಿಗಳು. ಕಟ್ಟಿಸಿದವರು ದೊರೆಗಳಲ್ಲ, ದಂಡನಾಯಕರು. ಹಾಗಾದರೆ ರಾಜಧಾನಿಯಲ್ಲಿ ಮನೆ ಒಡೆದಿದ್ದಾಗ ಹಳ್ಳಿಯ ಕಡೆ ಸಂಪತ್ತು ಹೇಗೆ ಬೆಳೆಯಿತು? ಅಧಿಕಾರವು ಅರಮನೆಯಿಂದ ಇವರ ಕೈಗೆ ಜಾರುತ್ತಿದ್ದಿತೆ? ಒಳ್ಳೆಯ ಉಪಾಧ್ಯಾಯನು ಇದಕ್ಕೆ ತಾನೇ ಉತ್ತರ ಹೇಳಿಬಿಡುವುದಿಲ್ಲ. ಪ್ರಶ್ನೆಯನ್ನು ತರಗತಿಯ ನಡುವೆ ಇಟ್ಟು ಸುಮ್ಮನಿರುತ್ತಾನೆ.

ಅನುಮಾನಕ್ಕೆ ಹೇತ್ವಾಭಾಸದ ಭಯವೂ ಉಂಟಷ್ಟೆ. ವಿಘ್ನಸಂತೆಯ ಗುಡಿಯು ತ್ರಿಕೂಟ, ಎಂದರೆ ಮೂರು ಗರ್ಭಗುಡಿಗಳುಳ್ಳದ್ದು. ಕಟ್ಟಿಸಿದ ಸೋದರರೂ ಮೂವರು. ಅಣ್ಣತಮ್ಮಂದಿರು ಮೂವರಾದುದರಿಂದಲೇ ಗರ್ಭಗುಡಿ ಮೂರು ಎಂದು ತರಗತಿಯ ಚುರುಕು ಹುಡುಗನು ಕೂಡಲೇ ಹೇಳುವನು. ಅವನ ಬೆನ್ನು ತಟ್ಟಬೇಕು; ತಟ್ಟಿದ ಮೇಲೆ, ಶೆಟ್ಟಿಕೆರೆಯ ಗುಡಿಯೂ ತ್ರಿಕೂಟವೇ, ಅದನ್ನು ಕಟ್ಟಿಸಿದವನು ಒಬ್ಬನೇ ಅಲ್ಲವೆ ಎಂದು ಕೇಳಬೇಕು. ಕಣ್ಣಿಗೆ ಕಂಡ ಎರಡು ಸಂಗತಿಗಳನ್ನು ಕೂಡಿಸಿದ ಮಾತ್ರಕ್ಕೆ ಕಾರ್ಯಕಾರಣ ಸಿದ್ಧವಾಗದೆಂಬುದನ್ನು ತರ್ಕಸಂಗ್ರಹವಿಲ್ಲದೆಯೇ ಅವನು ಕಲಿತಂತಾಗುವುದು. ಮುಂದೆ ಅವನು ಯಾವ ಉದ್ಯೋಗಕ್ಕೆ ಹೋದರೂ ಈ ಪಾಠ ಅವನನ್ನು ಕಾಯುವುದು.

ಮೂರನೆಯದು ಐತಿಹ್ಯ. ಹೇಳಿದವರು ಯಾರೆಂದು ತಿಳಿಯದೆ ಬಾಯಿಂದ ಬಾಯಿಗೆ ಬಂದ ಮಾತಿಗೆ ಹಿರಿಯರು ಕೊಟ್ಟ ಹೆಸರಿದು. ತುಮಕೂರಿನ ಬಳಿಯ ಕೈದಾಳದಲ್ಲಿ ಜಕಣಾಚಾರಿಯ ಕಥೆಯನ್ನು ಕೇಳದವರಿಲ್ಲ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದಲ್ಲಿ ದೋಷವುಂಟೆಂದು ಗುರುತಿಲ್ಲದ ಹುಡುಗನೊಬ್ಬನು ಹೇಳಿದನು. ಕಲ್ಲಿನೊಳಗೆ ಕಪ್ಪೆಯಿದ್ದುದು ಬಯಲಾಯಿತು. ಜಕಣನು ಆಡಿದ ಮಾತಿನಂತೆ ತನ್ನ ಬಲಗೈಯನ್ನು ಕತ್ತರಿಸಿಕೊಂಡನು. ಆ ಹುಡುಗನು ಅವನ ಮಗನೇ ಆಗಿದ್ದನು. ಕೊನೆಗೆ ಹುಟ್ಟೂರಿನಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿ ಕೈಯನ್ನು ಮರಳಿ ಪಡೆದುದರಿಂದ ಊರು ಕೈದಾಳವಾಯಿತೆಂಬುದು ಕಥೆ. ೧೯೬೪ರಲ್ಲಿ ಇದು 'ಅಮರಶಿಲ್ಪಿ ಜಕಣಾಚಾರಿ' ಎಂಬ ವರ್ಣಚಿತ್ರವಾಗಿ ಇಡೀ ನಾಡನ್ನು ಕರಗಿಸಿತು. ಆದರೆ ಕೈದಾಳದ ಶಾಸನವು ಜಕಣನ ಮಾತೆತ್ತುವುದಿಲ್ಲ. ಒಂದನೆಯ ನರಸಿಂಹನ ಸಾಮಂತನಾದ ಬಾಚಿಯೆಂಬವನು ಸುಮಾರು ೧೧೫೦ರಲ್ಲಿ ಗುಡಿಯನ್ನು ಕಟ್ಟಿಸಿದನೆಂದು ಅದರಿಂದ ತಿಳಿಯುವುದು.

ಇಲ್ಲಿ ಉಪಾಧ್ಯಾಯನಿಗೆ ಎರಡು ವಿಧದ ತಪ್ಪು ಸಂಭವಿಸಬಹುದು. ಕಥೆಯನ್ನೇ ಚರಿತ್ರೆಯೆಂದು ಬರೆಸುವುದು ಒಂದು. ಕಥೆ ಸುಳ್ಳೆಂದು ನಕ್ಕು ತಳ್ಳುವುದು ಇನ್ನೊಂದು. ಕಥೆಯನ್ನು ಕಥೆಯೆಂದು ಪೂರ್ಣವಾಗಿ ಹೇಳಿ, ಶಾಸನವನ್ನು ಶಾಸನವೆಂದು ಓದಿ, ಎರಡನ್ನೂ ಇದಿರುಬದಿರು ನಿಲ್ಲಿಸಬೇಕು. ಶಾಸನವು ಹಣ ಕೊಟ್ಟವನ ನೆನಪು. ಕಥೆಯು ಕೈ ಕೊಟ್ಟವನ ನೆನಪು. ಗುಡಿಯನ್ನು ಕಂಡು ಬೆರಗಾದ ಜನ, ಇದನ್ನು ಕಡೆದವನು ಯಾರೋ ಇದ್ದಿರಲೇಬೇಕೆಂದು ಅವನಿಗೆ ಹೆಸರು ಕೊಟ್ಟು, ಮಗನನ್ನು ಕೊಟ್ಟು, ದುಃಖವನ್ನೂ ಕೊಟ್ಟರು. ಹೆಸರು ಕೆತ್ತಿಟ್ಟ ನಿಜವಾದ ಶಿಲ್ಪಿಗಳೂ ಇದ್ದಾರೆ: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇದೇ ಅರಳಗುಪ್ಪೆಯ ಚೆನ್ನಕೇಶವನ ಗುಡಿಯಲ್ಲಿ ಹೊನ್ನೋಜ. ಕಥೆಯ ತಂದೆಮಕ್ಕಳನ್ನು ಮೆಚ್ಚಿದ ಮಗುವಿಗೆ ದಾಸೋಜ, ಚಾವಣರೆಂಬ ನಿಜವಾದ ತಂದೆಮಕ್ಕಳನ್ನು ತೋರಿಸಿದರೆ ಅದರ ಸಂತೋಷ ಕಡಿಮೆಯಾಗುವುದೆ?

ಮೀಮಾಂಸಕರು ಒಪ್ಪುವ ಅನುಪಲಬ್ಧಿ ಎಂಬ ಪ್ರಮಾಣವೊಂದುಂಟು. ಇರಬೇಕಾದ ಕಡೆ ವಸ್ತು ಕಾಣದಿರುವುದರಿಂದ ಹುಟ್ಟುವ ಜ್ಞಾನ. ಗುಡಿಯ ಇದಿರು ನಿಂತ ಬಾಲಕನು ಇದನ್ನೂ ಕಲಿಯಬೇಕು. ಕಲ್ಲನ್ನು ಗಣಿಯಿಂದ ಎಳೆದುತಂದ ಎತ್ತಿನವನ ಹೆಸರು ಎಲ್ಲಿ? ಸುಣ್ಣ ಅರೆದವಳ ಹೆಸರು ಎಲ್ಲಿ? ದತ್ತಿಬಿಟ್ಟ ಗದ್ದೆಯಲ್ಲಿ ಕೆಸರು ತುಳಿದವನು ಯಾವನು? ಅವನಿಗೆ ಗುಡಿಯ ಒಳಕ್ಕೆ ಪ್ರವೇಶವಾದರೂ ಇದ್ದಿತೆ? ದಂಡನಾಯಕನ ಔದಾರ್ಯವನ್ನು ಹೊಗಳಿ ಈ ಪ್ರಶ್ನೆಗಳನ್ನು ಮುಚ್ಚಿಡುವ ಪಾಠವು ಅರ್ಧಪಾಠ. ಕಲೆಯು ತನ್ನನ್ನು ಪೋಷಿಸಿದವರ ಮಾತನ್ನೇ ಹೆಚ್ಚಾಗಿ ಆಡುವುದು ಲೋಕಸ್ವಭಾವ.

ಸಾಮಾನ್ಯ ಜನರ ಮುಖವನ್ನು ಕಾಣಬೇಕಾದರೆ ಗುಡಿಯಿಂದ ಹೊರಕ್ಕೆ, ಊರ ಬಾಗಿಲ ವೀರಗಲ್ಲಿನ ಬಳಿಗೆ ಬರಬೇಕು. ತುರುವೇಕೆರೆಯ ಹೆಸರಿನಲ್ಲಿರುವ 'ತುರು' ಎಂಬುದು ದನಕ್ಕೆ ಹಳಗನ್ನಡದ ಶಬ್ದ. ಶತ್ರುಗಳು ಊರಿನ ದನಗಳನ್ನು ಹೊಡೆದುಕೊಂಡು ಹೋಗುವುದಕ್ಕೆ ತುರುಗೋಳ್ ಎಂದು ಹೆಸರು; ಅದನ್ನು ತಡೆದು ಮಡಿದವನಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಅವನು ದೇವಸನ್ನಿಧಿಯಲ್ಲಿ ಕುಳಿತಿರುವುದು. ಓದು ಬಾರದವನಿಗೂ ಕೆಳಗಿನಿಂದ ಮೇಲಕ್ಕೆ ತಿಳಿಯುವ ಮೂರು ಸಾಲಿನ ಚರಿತ್ರೆ ಇದು. ಬಳೆ ತೊಟ್ಟ ತೋಳೊಂದನ್ನು ಮೇಲೆತ್ತಿ ಕೆತ್ತಿದ ಮಾಸ್ತಿಕಲ್ಲನ್ನು ತೋರಿಸುವಾಗ ಉಪಾಧ್ಯಾಯನ ಧ್ವನಿ ತಗ್ಗಬೇಕು. ಗಂಡನ ಚಿತೆಯೇರಿದ ಹೆಣ್ಣಿನ ಕಲ್ಲು ಅದು. ಅದಕ್ಕೆ ಪೂಜೆ ಸಲ್ಲಿತೆಂಬುದೂ ಚರಿತ್ರೆ; ಆ ತೋಳಿನವಳ ಮನಸ್ಸನ್ನು ಯಾರೂ ಬರೆದಿಡಲಿಲ್ಲವೆಂಬುದೂ ಚರಿತ್ರೆ. ತರಗತಿಯ ಹೆಣ್ಣುಮಕ್ಕಳು ಇಲ್ಲಿ ಕೇಳುವ ಪ್ರಶ್ನೆಗಳಿಗೆ ಪುಸ್ತಕದಲ್ಲಿ ಉತ್ತರ ದೊರೆಯದೆ ಹೋಗಬಹುದು. ಪ್ರಶ್ನೆಯನ್ನು ಮಾತ್ರ ತಡೆಯಕೂಡದು.

ಈ ಕ್ರಮಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಎಲ್ಲವೂ ಗುಡಿಯಾದರೆ ಬೇರೆ ಮತದ ಮಕ್ಕಳ ಗತಿಯೇನು, ಶಾಲೆಯ ಪಾಠವು ದೇವರ ಪೂಜೆಯಾಗದೆ ಎಂದು ಕೆಲವರು ಕೇಳುವರು. ಆಕ್ಷೇಪವು ತೂಕವುಳ್ಳದ್ದು. ಅದಕ್ಕೆ ಉತ್ತರವೂ ಈ ಜಿಲ್ಲೆಯಲ್ಲಿಯೇ ಇದೆ. ಶಿರಾ ಪಟ್ಟಣದಲ್ಲಿ ಬಿಜಾಪುರದ ಅಧಿಕಾರಿಯಾಗಿದ್ದ ಮಲ್ಲಿಕ್ ರಿಹಾನನ ಗೋರಿಯೂ, ಮೊಗಲರ ಕಾಲದಲ್ಲಿ ೧೬೯೬ರಲ್ಲಿ ಎದ್ದ ಜುಮ್ಮಾ ಮಸೀದಿಯೂ ನಿಂತಿವೆ. ತ್ರಿಕೂಟದ ನವರಂಗವನ್ನು ನೋಡಿದ ಮಕ್ಕಳು ಮರುವರ್ಷ ಮಸೀದಿಯ ಕಮಾನುಗಳನ್ನು ನೋಡಲಿ. ತೊಲೆ ಇಟ್ಟು ಕಟ್ಟುವುದಕ್ಕೂ ಕಮಾನು ಕಟ್ಟುವುದಕ್ಕೂ ಭೇದವೇನೆಂದು ಅಳೆದು ಬರೆಯಲಿ. ಪೂಜೆಗೆ ಮನೆಯವರುಂಟು, ಗುರುಗಳುಂಟು. ನೋಡುವುದನ್ನೂ ಕೇಳುವುದನ್ನೂ ಕಲಿಸುವುದು ಶಾಲೆಯ ಪಾಲು. ಹಾಗೆ ಕಲಿತ ಮಗುವಿಗೆ ನೆರೆಯವನ ಕಟ್ಟಡವು ಅನ್ಯವಸ್ತುವಾಗಿ ಕಾಣದು.

ದೇಶವೇ ತನ್ನ ಚರಿತ್ರೆಯನ್ನು ಚಿತ್ರದಲ್ಲಿ ಹೇಳಿಕೊಂಡ ನಿದರ್ಶನವೊಂದುಂಟು. ಸ್ವತಂತ್ರ ಭಾರತದ ಸಂವಿಧಾನದ ಮೂಲಪ್ರತಿಯನ್ನು ಪ್ರೇಮ್ ಬಿಹಾರಿ ನಾರಾಯಣ್ ರಾಯಜಾದಾ ಎಂಬವರು ಕೈಬರಹದಲ್ಲಿ ಬರೆದರು. ಅದರ ಪುಟಗಳನ್ನು ಶಾಂತಿನಿಕೇತನದ ನಂದಲಾಲ ಬಸು ಮತ್ತು ಅವರ ಶಿಷ್ಯರು ಅಲಂಕರಿಸಿದರು. ಮೊಹೆಂಜೊದಾರೋ ಮುದ್ರೆಯ ಗೂಳಿಯಿಂದ ತೊಡಗಿ ಬುದ್ಧ, ಅಶೋಕ, ನಳಂದಾ, ಅಕ್ಬರ್, ಝಾನ್ಸಿಯ ಲಕ್ಷ್ಮೀಬಾಯಿ, ಮೈಸೂರಿನ ಟೀಪು ಸುಲ್ತಾನ್, ಗಾಂಧೀಜಿಯವರೆಗೆ ಭಾಗಭಾಗಕ್ಕೆ ಒಂದೊಂದು ಚಿತ್ರ. ೧೯೫೦ರ ಜನವರಿ ೨೪ರಂದು ಸಭೆಯ ಸದಸ್ಯರು ಆ ಪ್ರತಿಗೆ ಸಹಿ ಹಾಕಿದರು. ಸಾರನಾಥದ ಸಿಂಹಗಳು ನಾಣ್ಯದ ಮೇಲೆ ಪ್ರತಿಯೊಬ್ಬ ಬಾಲಕನ ಜೇಬಿನಲ್ಲಿವೆ. ಬಳ್ಳಿಗಾವೆಯ ಕಂಬದ ಮೇಲೆ ೧೧ನೆಯ ಶತಮಾನದಿಂದ ನಿಂತಿರುವ ಗಂಡಭೇರುಂಡದ ರೂಪವೇ ಕರ್ನಾಟಕ ರಾಜ್ಯದ ಲಾಂಛನದಲ್ಲಿಯೂ ಇದೆ. ದೊಡ್ಡವರು ತಮ್ಮ ಮುದ್ರೆಗೆ ಶಿಲ್ಪವನ್ನು ಆರಿಸಿಕೊಂಡ ಮೇಲೆ ಚಿಕ್ಕವರ ಪಾಠಕ್ಕೆ ಅದು ಅಧಿಕವೆನ್ನುವುದು ಹೇಗೆ?

ಇದಕ್ಕೆ ಹಣವೂ ಹೆಚ್ಚು ಬೇಡ, ಹೊಸ ಪಠ್ಯವೂ ಬೇಡ. ತಿಂಗಳಿಗೊಂದು ಮಧ್ಯಾಹ್ನ ಸಾಕು. ಊರಿನ ಒಂದು ಕಲ್ಲಿನ ಇದಿರು ಮಕ್ಕಳನ್ನು ಕೂಡಿಸಿ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ಇದರಲ್ಲಿ ಏನು ಕಾಣುತ್ತದೆ? ಮಾಡಿಸಿದವರು ಯಾರು? ಮಾಡಿದವರು ಯಾರು? ಇದು ಏನನ್ನು ಹೇಳದೆ ಬಿಟ್ಟಿದೆ? ಕಂಡುದನ್ನು ಮಕ್ಕಳು ಬರೆಯಲಿ, ಕೈಲಾದಂತೆ ಚಿತ್ರಿಸಲಿ. ಚಿತ್ರಿಸಲು ಕುಳಿತ ಮಗುವು ಒಂದು ಮೂರ್ತಿಯನ್ನು ಅರ್ಧ ಗಂಟೆ ನೋಡುವುದು; ಬರಿದೆ ನಡೆದುಹೋಗುವವನು ಅರೆನಿಮಿಷವೂ ನೋಡನು. ಆ ಬಳಿಕ ಜಿಲ್ಲೆಯ ಶಾಸನ ಸಂಪುಟದಲ್ಲಿ ಆ ಊರಿನ ಹೆಸರನ್ನು ಹುಡುಕಿ, ಇರುವ ಶಾಸನವನ್ನು ಗಟ್ಟಿಯಾಗಿ ಓದಿಸಬೇಕು.

ಇಷ್ಟು ಆತುರವೇಕೆಂದರೆ, ಸಾಕ್ಷಿಗಳು ಉಳಿಯುವ ಭರವಸೆಯಿಲ್ಲ. ೨೦೨೩ರಲ್ಲಿ ಬೇಲೂರು, ಹಳೆಯಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಅವನ್ನು ಲೋಕವೇ ಕಾಯುವುದು. ಹಳ್ಳಿಯ ಗುಡಿಯನ್ನೂ ವೀರಗಲ್ಲನ್ನೂ ಕಾಯುವವರು ಯಾರು? ಭಕ್ತಿಯಿಂದಲೇ ಬಳಿದ ಎಣ್ಣೆಯ ಬಣ್ಣದ ಕೆಳಗೆ ಮೂರ್ತಿಯ ಕಣ್ಣುರೆಪ್ಪೆ ಮುಳುಗುವುದು. ಜೀರ್ಣೋದ್ಧಾರದ ಸಿಮೆಂಟಿನ ಹಿಂದೆ ಶಾಸನದ ಸಾಲುಗಳು ಅಡಗುವುವು. ನಿಧಿಯ ಆಸೆಗೆ ಪೀಠವನ್ನೇ ಅಗೆಯುವರು. ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾಗುವುದು, ಚರಂಡಿಯ ಚಪ್ಪಡಿಯಾಗುವುದು. ಹೀಗೆ ಮಾಡುವವರಲ್ಲಿ ಅನೇಕರು ದುಷ್ಟರಲ್ಲ. ಶಾಲೆಗೆ ಹೋದವರೇ, ಚರಿತ್ರೆಯಲ್ಲಿ ತೇರ್ಗಡೆಯಾದವರೇ. ಆ ಕಲ್ಲು ಏನೆಂದು ಅವರಿಗೆ ಬಾಲ್ಯದಲ್ಲಿ ಯಾರೂ ತೋರಿಸಲಿಲ್ಲ. ಹತ್ತು ವರ್ಷದ ವಯಸ್ಸಿನಲ್ಲಿ ಒಂದು ವೀರಗಲ್ಲನ್ನು ಚಿತ್ರಿಸಿದ ಕೈಯು ನಲವತ್ತರಲ್ಲಿ ಅದನ್ನು ಚರಂಡಿಗೆ ಹಾಸದು. ಕಾವಲುಗಾರನೂ ಬೇಲಿಯೂ ಮಾಡಲಾರದ ರಕ್ಷಣೆಯನ್ನು ಒಂದು ಮಧ್ಯಾಹ್ನದ ಪಾಠ ಮಾಡಬಲ್ಲುದು.

ತೆಂಗಿನ ಸಸಿಯನ್ನು ನೆಡುವ ಒಕ್ಕಲಿಗನು ಅದರ ಫಲವನ್ನು ತಾನೇ ಉಣ್ಣುವೆನೆಂಬ ನಂಬಿಕೆಯಿಂದ ಮಾತ್ರ ನೆಡುವುದಿಲ್ಲ. ಮೊಮ್ಮಗನ ಕಾಲಕ್ಕೆ ಗೊನೆ ಬಿಟ್ಟರೂ ಆಯಿತೆಂದು ನೀರೆರೆಯುವನು. ಈ ಸೀಮೆಯ ಜನಕ್ಕೆ ಕಾಯುವುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ತೋಟದ ಅಂಚಿನಲ್ಲಿ ಒರಗಿ ನಿಂತಿರುವ ಕಲ್ಲಿನ ಕಡೆಗೂ ಮನೆಯ ಮಕ್ಕಳನ್ನು ಒಮ್ಮೆ ಕೈಹಿಡಿದು ಕರೆದೊಯ್ದುದಾದರೆ ಉಳಿದುದನ್ನು ಕಲ್ಲೇ ಹೇಳುವುದು.